ಬಯೋಸ್‌ಗೆ ಕಂಡ ಡಿಸ್ಕ್ ಇನ್‌ಸ್ಟಾಲರ್‌ಗೆ ಏಕೆ ಕಾಣುವುದಿಲ್ಲ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಕಾರಣಕ್ಕೆ ಹಳೆಯ ಕಂಪ್ಯೂಟರ್ ಬದಲಿಸಿ ಹೊಸದನ್ನು ತಂದವರಲ್ಲಿ ಕೆಲವರ ಕೆಲಸ ಮಾತ್ರ ಹಳೆಯ ಆಪರೇಟಿಂಗ್ ಸಿಸ್ಟಂಗೇ ಅಂಟಿಕೊಂಡಿದೆ. ಪ್ರಯೋಗಾಲಯದ ಒಂದು ಉಪಕರಣ, ಲೋಹ ಕತ್ತರಿಸುವ ಒಂದು ಯಂತ್ರ, ವರ್ಷಗಟ್ಟಲೆ ಲೆಕ್ಕ ತುಂಬಿಟ್ಟ ಒಂದು ಸಾಫ್ಟ್‌ವೇರ್ ವಿಂಡೋಸ್ 7 ಅಥವಾ ಎಕ್ಸ್‌ಪಿ ಬಿಟ್ಟು ಬೇರೆ ಯಾವುದರಲ್ಲೂ ಓಡುವುದಿಲ್ಲ. ಹೊಸ ಕಂಪ್ಯೂಟರ್‌ಗೆ ಹಳೆಯ ವಿಂಡೋಸ್ ಹಾಕಲು ಹೋದರೆ, ಅರ್ಧ ದಾರಿಯಲ್ಲಿ ಇನ್‌ಸ್ಟಾಲರ್ ನಿಂತು ‘ಯಾವ ಡ್ರೈವ್ ಕೂಡ ಸಿಗಲಿಲ್ಲ’ ಎನ್ನುತ್ತದೆ.

ಅದನ್ನು ಓದಿದವರಿಗೆ ಮೊದಲು ಬರುವ ಅನುಮಾನ ಡಿಸ್ಕ್ ಕೆಟ್ಟಿರಬೇಕು ಎಂಬುದು. ಕೆಲವರು ಕೇಬಲ್ ಬದಲಿಸುತ್ತಾರೆ, ಕೆಲವರು ಹೊಸ ಎಸ್‌ಎಸ್‌ಡಿಯನ್ನೇ ಕೊಂಡು ತರುತ್ತಾರೆ. ಹೊಸ ಡಿಸ್ಕ್ ಹಾಕಿದ ಮೇಲೂ ಅದೇ ಸಂದೇಶ ಬರುತ್ತದೆ. ಆದ್ದರಿಂದ ಖರ್ಚು ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿ: ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬಯೋಸ್ ಸೆಟಪ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗಳ ಪರದೆಗೆ) ಹೋಗಿ, ಅಲ್ಲಿ ಡಿಸ್ಕ್‌ನ ಹೆಸರು, ಗಾತ್ರ ಕಾಣುತ್ತಿದೆಯೇ ನೋಡಿ. ಕಾಣುತ್ತಿದ್ದರೆ ಬಹುಮಟ್ಟಿಗೆ ಡಿಸ್ಕ್ ಸರಿಯಿದೆ, ಇಲ್ಲದಿರುವುದು ಡ್ರೈವರ್. ಖಚಿತವಾಗಬೇಕಿದ್ದರೆ ಇತ್ತೀಚಿನ ಯಾವುದಾದರೂ ಲಿನಕ್ಸ್‌ನ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಅದಕ್ಕೆ ಡಿಸ್ಕ್ ಕಾಣುತ್ತದೆಯೇ ಎಂದೂ ನೋಡಬಹುದು. ಇದರಿಂದ ಡಿಸ್ಕ್‌ನಲ್ಲಿರುವ ಯಾವುದಕ್ಕೂ ತೊಂದರೆಯಿಲ್ಲ.

ಡಿಸ್ಕ್ ಜೊತೆ ಮಾತಾಡುವುದು ಯಾರು?

ಆಪರೇಟಿಂಗ್ ಸಿಸ್ಟಂ ಡಿಸ್ಕ್ ಜೊತೆ ನೇರವಾಗಿ ವ್ಯವಹರಿಸುವುದಿಲ್ಲ. ನಡುವೆ ಸ್ಟೋರೇಜ್ ಕಂಟ್ರೋಲರ್ ಎಂಬ ಭಾಗವಿದೆ. ಅದು ಮದರ್‌ಬೋರ್ಡ್‌ನ ಚಿಪ್‌ಸೆಟ್‌ನಲ್ಲೋ ಪ್ರೊಸೆಸರ್‌ನಲ್ಲೋ ಅಡಕವಾಗಿರಬಹುದು, ಎನ್‌ವಿಎಂಇ ಎಸ್‌ಎಸ್‌ಡಿ ಆದರೆ ಆ ಎಸ್‌ಎಸ್‌ಡಿಯ ಮೇಲೆಯೇ ಇರುತ್ತದೆ. ‘ಇಷ್ಟನೇ ಬ್ಲಾಕ್ ಓದು, ಇಷ್ಟನೇ ಬ್ಲಾಕ್‌ಗೆ ಬರೆ’ ಎಂಬ ಆದೇಶವನ್ನು ಆ ಕಂಟ್ರೋಲರ್‌ಗೆ ಯಾವ ರೂಪದಲ್ಲಿ, ಮೆಮೊರಿಯ ಯಾವ ವಿಳಾಸದ ಮೂಲಕ ಕೊಡಬೇಕು ಎಂಬುದು ಗೊತ್ತಿರುವ ಪುಟ್ಟ ಪ್ರೋಗ್ರಾಂ ಸ್ಟೋರೇಜ್ ಡ್ರೈವರ್. ಅದು ಇಲ್ಲದಿದ್ದರೆ ಆಪರೇಟಿಂಗ್ ಸಿಸ್ಟಂ ಪಾಲಿಗೆ ಡಿಸ್ಕ್ ಇಲ್ಲ.

ಪ್ರತಿಯೊಂದು ಕಂಪನಿಯ ಪ್ರತಿಯೊಂದು ಡಿಸ್ಕ್‌ಗೂ ಬೇರೆ ಬೇರೆ ಡ್ರೈವರ್ ಬೇಕೇ ಎಂದರೆ, ಬೇಡ. ಬೇಕಾಗುವುದು ಕಂಟ್ರೋಲರ್‌ಗೆ. ಕಂಟ್ರೋಲರ್‌ಗಳು ಕೆಲವು ಸಾಮಾನ್ಯ ಮಾನದಂಡಗಳನ್ನು ಪಾಲಿಸುತ್ತವೆ. ಹಳೆಯದು ಐಡಿಇ. ಸಾಟಾ ಡಿಸ್ಕ್‌ಗಳು 2003ರ ಸುಮಾರಿಗೆ ಬಂದ ಮೇಲೆ, ಅವುಗಳ ಪೂರ್ಣ ಸಾಮರ್ಥ್ಯ ಬಳಸಲು ಎಎಚ್‌ಸಿಐ ಎಂಬ ಮಾನದಂಡ 2004ರಲ್ಲಿ ರೂಪುಗೊಂಡಿತು. ವೇಗದ ಎಸ್‌ಎಸ್‌ಡಿಗಳಿಗೆಂದೇ ಎನ್‌ವಿಎಂಇ 2011ರಲ್ಲಿ ಬಂತು. ಒಂದು ಆಪರೇಟಿಂಗ್ ಸಿಸ್ಟಂ ತಯಾರಾದ ಕಾಲಕ್ಕೆ ಇದ್ದ ಮಾನದಂಡಗಳ ಡ್ರೈವರ್ ಮಾತ್ರ ಅದರ ಮೂಲ ಡಿವಿಡಿಯಲ್ಲಿ ಇರಲು ಸಾಧ್ಯ. 2001ರಲ್ಲಿ ಬಿಡುಗಡೆಯಾದ ಎಕ್ಸ್‌ಪಿಗೆ 2004ರ ಎಎಚ್‌ಸಿಐ ಗೊತ್ತಿಲ್ಲ, 2009ರ ವಿಂಡೋಸ್ 7ಕ್ಕೆ 2011ರ ಎನ್‌ವಿಎಂಇ ಗೊತ್ತಿಲ್ಲ.

ಹಾಗಾದರೆ ಇನ್‌ಸ್ಟಾಲರ್ ಶುರುವಾಗಿದ್ದು ಹೇಗೆ?

ಪೆನ್‌ಡ್ರೈವ್‌ನಿಂದಲೋ ಸಿಡಿಯಿಂದಲೋ ಫೈಲ್‌ಗಳನ್ನು ಓದಿಯೇ ಇನ್‌ಸ್ಟಾಲರ್ ಇಲ್ಲಿಯವರೆಗೆ ಬಂದಿದೆ, ಬಯೋಸ್ ಕೂಡ ಡಿಸ್ಕ್ ತೋರಿಸುತ್ತಿದೆ. ಆದರೂ ‘ಡ್ರೈವ್ ಇಲ್ಲ’ ಎಂದರೆ ನಂಬುವುದು ಕಷ್ಟ. ಈ ಒಗಟು ಬಿಡಿಸಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಕಂಪ್ಯೂಟರ್ ಆನ್ ಆದಾಗ ಮೊದಲು ಕೆಲಸ ಮಾಡುವುದು ಮದರ್‌ಬೋರ್ಡ್‌ನಲ್ಲಿರುವ ಫರ್ಮ್‌ವೇರ್. ಹಳೆಯ ಕಂಪ್ಯೂಟರ್‌ಗಳಲ್ಲಿ ಅದು ಬಯೋಸ್, ಈಗಿನವುಗಳಲ್ಲಿ ಯುಇಎಫ್‌ಐ. ರೂಢಿಯಲ್ಲಿ ಎರಡನ್ನೂ ಬಯೋಸ್ ಎಂದೇ ಕರೆಯುತ್ತೇವೆ. ಆ ಬೋರ್ಡ್‌ನ ಕಂಟ್ರೋಲರ್‌ಗಳನ್ನು ನಡೆಸುವಷ್ಟು ಕೋಡ್ ಫರ್ಮ್‌ವೇರ್‌ನಲ್ಲಿ ಮೊದಲೇ ಇರುತ್ತದೆ. ವಿಂಡೋಸ್ ಅನ್ನು ಮೆಮೊರಿಗೆ ತರುವ ಪುಟ್ಟ ಪ್ರೋಗ್ರಾಂ ಆದ ಬೂಟ್‌ಲೋಡರ್‌ಗೆ ಸ್ವಂತ ಡ್ರೈವರ್ ಇಲ್ಲ, ಅದು ‘ಈ ಭಾಗ ಓದಿಕೊಡು’ ಎಂದು ಫರ್ಮ್‌ವೇರ್ ಅನ್ನೇ ಕೇಳುತ್ತದೆ. ಹೀಗೆ ಕೇಳಿ ಕೇಳಿ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಮತ್ತು ಇನ್‌ಸ್ಟಾಲರ್‌ನ ಫೈಲ್‌ಗಳನ್ನು ರ‍್ಯಾಮ್‌ಗೆ ತುಂಬಿಕೊಳ್ಳುತ್ತದೆ. ಎಕ್ಸ್‌ಪಿಯ ನಂತರ ಬಂದ ವಿಸ್ಟಾದಿಂದ ಮುಂದಿನ ವಿಂಡೋಸ್‌ಗಳಲ್ಲಿ ಇನ್‌ಸ್ಟಾಲರ್ ಪೂರ್ತಿಯಾಗಿ ರ‍್ಯಾಮ್‌ನಲ್ಲೇ ಕೂತು ಓಡುತ್ತದೆ. ಡಿಸ್ಕ್ ಕಾಣದಿದ್ದರೂ ಬಣ್ಣಬಣ್ಣದ ಕಿಟಕಿಗಳು ಸಲೀಸಾಗಿ ಮೂಡುವುದು ಅದಕ್ಕೇ.

ಕರ್ನಲ್ ಕೆಲಸ ಆರಂಭಿಸಿದ ಕ್ಷಣದಿಂದ ಫರ್ಮ್‌ವೇರ್‌ನ ಈ ಸೇವೆ ನಿಲ್ಲುತ್ತದೆ. ಇನ್ನು ಮುಂದೆ ಪ್ರತಿಯೊಂದು ಓದು, ಬರಹವೂ ಆಪರೇಟಿಂಗ್ ಸಿಸ್ಟಂನ ಸ್ವಂತ ಡ್ರೈವರ್ ಮೂಲಕವೇ ಆಗಬೇಕು. ಬೇಕಾದ ಡ್ರೈವರ್ ಅದೇ ಡಿಸ್ಕ್‌ನಲ್ಲಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಡಿಸ್ಕ್ ಓದಲು ಡ್ರೈವರ್ ಮೊದಲೇ ಕೈಯಲ್ಲಿರಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಬಿಟ್ಟು ಬೀಗ ಜಡಿದ ಹಾಗೆ. ಸೌಂಡ್ ಡ್ರೈವರ್, ಪ್ರಿಂಟರ್ ಡ್ರೈವರ್‌ಗಳನ್ನು ವಿಂಡೋಸ್ ಹಾಕಿದ ಮೇಲೆ ನಿಧಾನವಾಗಿ ಹಾಕಿಕೊಳ್ಳಬಹುದು. ಸ್ಟೋರೇಜ್ ಡ್ರೈವರ್‌ಗೆ ಆ ರಿಯಾಯಿತಿ ಇಲ್ಲ. ಫರ್ಮ್‌ವೇರ್ ಇನ್ನೂ ಓದಿಕೊಡುತ್ತಿರುವಾಗ ಕರ್ನಲ್ ಜೊತೆಗೇ ಅದೂ ರ‍್ಯಾಮ್‌ಗೆ ಬಂದಿರಬೇಕು, ಇಲ್ಲವೇ ಇನ್‌ಸ್ಟಾಲರ್ ಓದಬಲ್ಲ ಬೇರೊಂದು ಜಾಗದಿಂದ ನಾವು ಕೊಡಬೇಕು.

ಯಾವುದಕ್ಕೆ ಯಾವುದು ಗೊತ್ತು?

ಎಕ್ಸ್‌ಪಿಗೆ ಐಡಿಇ ಮಾತ್ರ ಚೆನ್ನಾಗಿ ಗೊತ್ತು. ಎಎಚ್‌ಸಿಐ ಡ್ರೈವರ್ ವಿಂಡೋಸ್ ಜೊತೆಗೇ ಬಂದದ್ದು ವಿಸ್ಟಾದಿಂದ, ಹಾಗಾಗಿ ವಿಂಡೋಸ್ 7ಕ್ಕೂ ಸಾಟಾ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ತೊಡಕಿಲ್ಲ. ಎನ್‌ವಿಎಂಇ ಡ್ರೈವರ್ ವಿಂಡೋಸ್ 8.1ರಲ್ಲಿ ಸೇರಿತು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಆಮೇಲೆ ಕೆಬಿ2990941 ಎಂಬ ಹಾಟ್‌ಫಿಕ್ಸ್ ಮೂಲಕ ಅದನ್ನು ಕೊಟ್ಟಿತು, ಆದರೆ ಮೂಲ ಡಿವಿಡಿಯಲ್ಲಿ ಅದು ಇಲ್ಲ. ಲಿನಕ್ಸ್‌ನಲ್ಲೂ ಇದೇ ಕಥೆ: ಎನ್‌ವಿಎಂಇ ಡ್ರೈವರ್ ಮೂಲ ಕರ್ನಲ್‌ಗೆ ಸೇರಿದ್ದು 2012ರ 3.3 ಆವೃತ್ತಿಯಲ್ಲಿ.

ಇದು ಹಳೆಯ ವಿಂಡೋಸ್‌ಗಷ್ಟೇ ಸೀಮಿತವಾದ ತೊಂದರೆಯೂ ಅಲ್ಲ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಮೊದಲೇ ಆನ್ ಆಗಿರುತ್ತದೆ. ಎನ್‌ವಿಎಂಇ ಡಿಸ್ಕ್ ಇದರ ಹಿಂದೆ ಅಡಗಿಬಿಡುವುದರಿಂದ ವಿಂಡೋಸ್ 10ರ ಇನ್‌ಸ್ಟಾಲರ್ ಕೂಡ ಖಾಲಿ ಪಟ್ಟಿ ತೋರಿಸುತ್ತದೆ. ಎನ್‌ವಿಎಂಇ ಡ್ರೈವರ್ ಇದ್ದರೂ ವಿಎಂಡಿಯ ಡ್ರೈವರ್ ಇಲ್ಲದಿದ್ದರೆ ಡಿಸ್ಕ್ ತಲುಪಲು ದಾರಿಯಿಲ್ಲ. ರೇಡ್ ಮೋಡ್‌ನಲ್ಲಿರುವ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸಲು ಬಿಡುವ) ಕಂಟ್ರೋಲರ್‌ಗಳೂ ಹಾಗೆಯೇ, ತಯಾರಕರ ಡ್ರೈವರ್ ಕೇಳುತ್ತವೆ.

ದಾರಿ ತಪ್ಪಿಸುವ ಒಂದು ಸಂದೇಶ

ಪೆನ್‌ಡ್ರೈವ್‌ನಿಂದ ವಿಂಡೋಸ್ 7 ಹಾಕುವಾಗ ಭಾಷೆ ಆರಿಸಿ ಇನ್‌ಸ್ಟಾಲ್ ಒತ್ತಿದ ಕೂಡಲೇ ‘ಸಿಡಿ/ಡಿವಿಡಿ ಡ್ರೈವ್‌ನ ಡ್ರೈವರ್ ಇಲ್ಲ’ ಎಂಬ ಸಂದೇಶ ಬರುವುದುಂಟು. ಕಂಪ್ಯೂಟರ್‌ನಲ್ಲಿ ಡಿವಿಡಿ ಡ್ರೈವೇ ಇರುವುದಿಲ್ಲ! ಅದರ ನಿಜವಾದ ಅರ್ಥ, ‘ನಾನು ಯಾವ ಮಾಧ್ಯಮದಿಂದ ಶುರುವಾದೆನೋ ಅದು ಈಗ ನನಗೆ ಕಾಣುತ್ತಿಲ್ಲ’ ಎಂದು. ಬಹುತೇಕ ಸಂದರ್ಭಗಳಲ್ಲಿ ಕಾರಣ ಯುಎಸ್‌ಬಿ 3.0. ವಿಂಡೋಸ್ 7ರ ಮೂಲ ಡಿವಿಡಿಯಲ್ಲಿ ಯುಎಸ್‌ಬಿ 3.0 ಕಂಟ್ರೋಲರ್‌ಗೆ ಡ್ರೈವರ್ ಇಲ್ಲ, ಅದು ಬಂದದ್ದು ವಿಂಡೋಸ್ 8ರಲ್ಲಿ. ಇಂಟೆಲ್ 2015ರಲ್ಲಿ ತಂದ 100 ಸರಣಿಯ ಚಿಪ್‌ಸೆಟ್‌ಗಳಲ್ಲಿ ಹಳೆಯ ಯುಎಸ್‌ಬಿ 2.0 ಕಂಟ್ರೋಲರ್ ಅನ್ನೇ ತೆಗೆದುಹಾಕಿತು. ಅಂಥ ಬೋರ್ಡ್‌ಗಳಲ್ಲಿ ಪೆನ್‌ಡ್ರೈವ್ ಮಾತ್ರವಲ್ಲ, ಯುಎಸ್‌ಬಿ ಕೀಬೋರ್ಡ್, ಮೌಸ್ ಕೂಡ ಆ ಪರದೆಯಲ್ಲಿ ಅಲ್ಲಾಡುವುದಿಲ್ಲ. ಹಳೆಯ ಬೋರ್ಡ್ ಆಗಿದ್ದರೆ ಪೆನ್‌ಡ್ರೈವ್ ಅನ್ನು ಕಪ್ಪು ಬಣ್ಣದ ಯುಎಸ್‌ಬಿ 2.0 ಪೋರ್ಟ್‌ಗೆ ಬದಲಿಸಿದರೆ ಸಾಕಾಗಬಹುದು. ಹೊಸದಾದರೆ ಇನ್‌ಸ್ಟಾಲರ್‌ಗೆ ಯುಎಸ್‌ಬಿ 3.0 ಡ್ರೈವರ್ ಅನ್ನು ಮೊದಲೇ ಸೇರಿಸಿರಬೇಕು.

ಸರಿಯಾದ ಡ್ರೈವರ್ ಗುರುತಿಸುವುದು

ಪ್ರತಿಯೊಂದು ಕಂಟ್ರೋಲರ್‌ಗೂ ತಯಾರಕರ ಸಂಖ್ಯೆ ಮತ್ತು ಸಾಧನದ ಸಂಖ್ಯೆ ಎಂಬ ಎರಡು ಗುರುತುಗಳಿವೆ. 8086 ಎಂದಿದ್ದರೆ ಇಂಟೆಲ್, 1022 ಎಂದಿದ್ದರೆ ಎಎಂಡಿ. ಆ ಕಂಪ್ಯೂಟರ್‌ನಲ್ಲಿ ಈಗಾಗಲೇ ವಿಂಡೋಸ್ 10 ಅಥವಾ 11 ಇದ್ದರೆ, ಅದನ್ನು ಅಳಿಸುವ ಮುಂಚೆ ಡಿವೈಸ್ ಮ್ಯಾನೇಜರ್ ತೆರೆದು ಸ್ಟೋರೇಜ್ ಕಂಟ್ರೋಲರ್‌ನ ಹಾರ್ಡ್‌ವೇರ್ ಐಡಿ ಬರೆದಿಟ್ಟುಕೊಳ್ಳಿ. ಆಮೇಲೆ ಹುಡುಕಾಡುವ ಎಷ್ಟೋ ಹೊತ್ತು ಇದರಿಂದ ಉಳಿಯುತ್ತದೆ.

ತಯಾರಕರ ತಾಣದಿಂದ ಇಳಿಸಿಕೊಂಡ ಡ್ರೈವರ್ ಸಾಮಾನ್ಯವಾಗಿ ಡಬಲ್ ಕ್ಲಿಕ್ ಮಾಡಿ ಹಾಕುವ ಇಎಕ್ಸ್‌ಇ ರೂಪದಲ್ಲಿ ಇರುತ್ತದೆ. ಇನ್‌ಸ್ಟಾಲರ್‌ಗೆ ಅದು ನಿರುಪಯುಕ್ತ. ಅದಕ್ಕೆ ಬೇಕಾದದ್ದು ಒಳಗಿರುವ ಬಿಡಿ ಫೈಲ್‌ಗಳು: ಯಾವ ಹಾರ್ಡ್‌ವೇರ್‌ಗೆ ಎಂದು ತಿಳಿಸುವ ಐಎನ್‌ಎಫ್, ನಿಜವಾಗಿ ಓಡುವ ಎಸ್‌ವೈಎಸ್, ಡಿಜಿಟಲ್ ಸಹಿ ಇರುವ ಸಿಎಟಿ. ಈ ಮೂರನ್ನೂ ಬೇರೊಂದು ಕಂಪ್ಯೂಟರ್‌ನಲ್ಲಿ ಬಿಡಿಸಿ ಒಂದೇ ಫೋಲ್ಡರ್‌ನಲ್ಲಿ ಇಡಬೇಕು. ಐಎನ್‌ಎಫ್ ಫೈಲ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಬರೆದಿಟ್ಟ ಹಾರ್ಡ್‌ವೇರ್ ಐಡಿ ಅದರೊಳಗೆ ಇದೆಯೇ ಹುಡುಕಿ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯುಕ್ತವಾದ ಹೆಜ್ಜೆ ಇಲ್ಲ. ಡ್ರೈವರ್ ಪ್ಯಾಕೇಜ್‌ನ ಹೆಸರು ಏನೇ ಇರಲಿ, ಐಡಿ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ನಿಮ್ಮ ಕಂಟ್ರೋಲರ್‌ಗೆ ಅಂಟುವುದಿಲ್ಲ. ಕೆಲವು ಡ್ರೈವರ್‌ಗಳು ಐಡಿಯ ಬದಲು ಕಂಟ್ರೋಲರ್‌ನ ವರ್ಗವನ್ನು ನೋಡುತ್ತವೆ: ಎಎಚ್‌ಸಿಐ ವರ್ಗದ ಸಂಕೇತ 010601, ಎನ್‌ವಿಎಂಇಯದ್ದು 010802. ಅಂಥವು ಯಾವ ತಯಾರಕರ ಕಂಟ್ರೋಲರ್‌ಗೂ ನಡೆಯುತ್ತವೆ.

32 ಬಿಟ್ ವಿಂಡೋಸ್‌ಗೆ 32 ಬಿಟ್ ಡ್ರೈವರ್, 64ಕ್ಕೆ 64. ಇದರಲ್ಲಿ ಹೊಂದಾಣಿಕೆಯೇ ಇಲ್ಲ. 64 ಬಿಟ್ ವಿಂಡೋಸ್ ವಿಸ್ಟಾದಿಂದೀಚೆಗೆ ಸಹಿ ಇಲ್ಲದ ಡ್ರೈವರ್‌ಗಳನ್ನು ತಿರಸ್ಕರಿಸುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಈಚಿನ ಡ್ರೈವರ್‌ಗಳ ಸಹಿ ಎಸ್‌ಎಚ್‌ಎ-2 ವಿಧಾನದ್ದು. ಅಪ್‌ಡೇಟ್ ಆಗದ ವಿಂಡೋಸ್ 7 ಅದನ್ನು ಗುರುತಿಸುವುದಿಲ್ಲ, ಆದ್ದರಿಂದ ಸರಿಯಾದ ಡ್ರೈವರ್ ಅನ್ನೂ ‘ಸಹಿ ಸರಿಯಿಲ್ಲ’ ಎಂದು ತಳ್ಳಿಹಾಕುತ್ತದೆ. ಕೆಬಿ4474419 ಎಂಬ ಅಪ್‌ಡೇಟ್ ಸೇರಿಸಿದರೆ ಈ ತೊಡಕು ನಿವಾರಣೆಯಾಗುತ್ತದೆ.

ಮೊದಲು ಬಯೋಸ್ ನೋಡಿ

ಡ್ರೈವರ್ ಹುಡುಕುವ ಶ್ರಮವೇ ಬೇಡವಾಗುವ ಸಾಧ್ಯತೆಯೂ ಇದೆ. ಬಯೋಸ್‌ನಲ್ಲಿ ಸಾಟಾ ಮೋಡ್ ಎಂಬ ಆಯ್ಕೆ ಇದ್ದು, ಅದರಲ್ಲಿ ಐಡಿಇ ಸಿಕ್ಕರೆ ಎಕ್ಸ್‌ಪಿಗೆ ಡಿಸ್ಕ್ ಕಾಣುತ್ತದೆ. ರೇಡ್ ಬದಲು ಎಎಚ್‌ಸಿಐ ಆರಿಸಿದರೆ ವಿಂಡೋಸ್ 7ಕ್ಕೆ ಸಾಟಾ ಡಿಸ್ಕ್ ಕಾಣುತ್ತದೆ. ವಿಎಂಡಿ ಆಫ್ ಮಾಡಿದರೆ ವಿಂಡೋಸ್ 10ಕ್ಕೆ ಎನ್‌ವಿಎಂಇ ಡಿಸ್ಕ್ ಕಾಣುತ್ತದೆ. ಹೊಸ ಬೋರ್ಡ್‌ಗಳಲ್ಲಿ ಐಡಿಇ ಆಯ್ಕೆ ಸಿಗುವುದು ಅಪರೂಪ.

ಆದರೆ ಈ ಬದಲಾವಣೆ ಖಾಲಿ ಡಿಸ್ಕ್ ಇದ್ದಾಗ ಮಾತ್ರ ನಿರಾತಂಕ. ಎರಡು ಡಿಸ್ಕ್ ಸೇರಿಸಿ ರೇಡ್ ಮಾಡಿದ್ದರೆ, ಮೋಡ್ ಬದಲಿಸಿದಾಗ ಅದರಲ್ಲಿರುವ ದತ್ತಾಂಶ ಕೈಗೆಟುಕದಂತಾಗಬಹುದು. ಡಿಸ್ಕ್ ಅನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಇರುವ ಲ್ಯಾಪ್‌ಟಾಪ್‌ನಲ್ಲಿ ಬಯೋಸ್ ಮುಟ್ಟಿದ ಮೇಲೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುವ ಸಂಭವವಿದೆ. ಆ ಕೀ ನಿಮ್ಮ ಬಳಿ ಇದೆ ಎಂದು ಖಾತ್ರಿ ಮಾಡಿಕೊಳ್ಳದೆ, ಬ್ಯಾಕಪ್ ತೆಗೆಯದೆ ದಯವಿಟ್ಟು ಮುಂದುವರಿಯಬೇಡಿ.

ಇನ್‌ಸ್ಟಾಲರ್ ಕೈಗೆ ಡ್ರೈವರ್ ಕೊಡುವುದು

ವಿಸ್ಟಾ ಮತ್ತು ಅದರ ಮುಂದಿನ ವಿಂಡೋಸ್‌ಗಳಲ್ಲಿ ಇದು ಸುಲಭ. ಡಿಸ್ಕ್ ಆರಿಸುವ ಪರದೆಯಲ್ಲಿ ‘ಲೋಡ್ ಡ್ರೈವರ್’ ಎಂಬ ಆಯ್ಕೆ ಇದೆ. ಬಿಡಿಸಿದ ಫೈಲ್‌ಗಳಿರುವ ಪೆನ್‌ಡ್ರೈವ್ ಸಿಕ್ಕಿಸಿ ಫೋಲ್ಡರ್ ತೋರಿಸಿದರೆ ಸಾಕು, ಹೊಂದುವ ಡ್ರೈವರ್‌ಗಳ ಪಟ್ಟಿ ಬರುತ್ತದೆ. ಪಟ್ಟಿ ಖಾಲಿಯಾಗಿದ್ದರೆ ತಪ್ಪು ಪ್ಯಾಕೇಜ್ ಅಥವಾ ತಪ್ಪು ಬಿಟ್ ಎಂದು ತಿಳಿಯಬೇಕು. ಹೊಂದದ ಡ್ರೈವರ್‌ಗಳನ್ನು ಮರೆಮಾಡುವ ಟಿಕ್ ತೆಗೆದು ಒತ್ತಾಯದಿಂದ ಯಾವುದನ್ನೋ ಹಾಕುವುದರಿಂದ ಲಾಭವಿಲ್ಲ. ಹೀಗೆ ಕೊಟ್ಟ ಡ್ರೈವರ್ ಅನ್ನು ಇನ್‌ಸ್ಟಾಲರ್ ತಾನು ಬಳಸಿಕೊಳ್ಳುವುದಲ್ಲದೆ, ಹೊಸದಾಗಿ ಹಾಕುತ್ತಿರುವ ವಿಂಡೋಸ್‌ಗೂ ಸೇರಿಸುತ್ತದೆ. ಡಿಸ್ಕ್ ನಿಜವಾಗಿಯೂ ಕಂಡಿತೇ ಎಂದು ಪರೀಕ್ಷಿಸಲು ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಅಲ್ಲಿ ಡಿಸ್ಕ್‌ಪಾರ್ಟ್ ಒಳಗೆ ಹೋಗಿ ‘ಲಿಸ್ಟ್ ಡಿಸ್ಕ್’ ಆದೇಶ ಕೊಟ್ಟು ನೋಡಬಹುದು.

ಎಕ್ಸ್‌ಪಿಯ ವಿಧಾನ ಬೇರೆ. ನೀಲಿ ಪರದೆಯ ಸೆಟಪ್ ಶುರುವಾದಾಗ ಕೆಳಗೆ ಕೆಲವೇ ಸೆಕೆಂಡ್ ‘ಎಫ್6 ಒತ್ತಿ’ ಎಂಬ ಸಾಲು ಮೂಡುತ್ತದೆ. ಒತ್ತಿದರೆ ಅದು ಡ್ರೈವರ್ ಕೇಳುತ್ತದೆ, ಆದರೆ ಫ್ಲಾಪಿಯಿಂದ ಮಾತ್ರ. 1.44 ಎಂಬಿಯ ಆ ಫ್ಲಾಪಿಯಲ್ಲಿ ಮೇಲೆ ಹೇಳಿದ ಫೈಲ್‌ಗಳ ಜೊತೆ, ಸೆಟಪ್‌ಗೆ ಪಟ್ಟಿ ಒದಗಿಸುವ ಒಇಎಂ ಎಂಬ ಫೈಲ್ ಕೂಡ ಇರಬೇಕು. ಪೆನ್‌ಡ್ರೈವ್ ನಡೆಯುವುದಿಲ್ಲ. ಯುಎಸ್‌ಬಿ ಫ್ಲಾಪಿ ಡ್ರೈವ್‌ಗಳಲ್ಲೂ ಎಕ್ಸ್‌ಪಿ ಗುರುತಿಸುವುದು ಕೆಲವು ಮಾದರಿಗಳನ್ನು ಮಾತ್ರ.

ಹಾಗಾಗಿ ಎಕ್ಸ್‌ಪಿಗೆ ಈಗ ಉಳಿದಿರುವ ನೆಮ್ಮದಿಯ ದಾರಿ, ಇನ್‌ಸ್ಟಾಲ್ ಮಾಡುವ ಪ್ರತಿಯೊಳಗೇ ಡ್ರೈವರ್ ಸೇರಿಸಿ ಹೊಸ ಸಿಡಿ ತಯಾರಿಸುವುದು. ಇದನ್ನು ಸ್ಲಿಪ್‌ಸ್ಟ್ರೀಮ್ ಎನ್ನುತ್ತಾರೆ. ಎನ್‌ಲೈಟ್ ಎಂಬ ಸಾಫ್ಟ್‌ವೇರ್ ಇದಕ್ಕೆ ಹೆಸರುವಾಸಿ. ಅದರಲ್ಲಿ ಡ್ರೈವರ್ ಸೇರಿಸುವಾಗ ‘ಟೆಕ್ಸ್ಟ್‌ಮೋಡ್ ಡ್ರೈವರ್’ ಎಂದೇ ಆರಿಸಬೇಕು, ಇಲ್ಲದಿದ್ದರೆ ಮೊದಲ ಹಂತದಲ್ಲಿ ಅದು ಲೋಡ್ ಆಗುವುದಿಲ್ಲ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನದೇ ಡಿಐಎಸ್‌ಎಂ ಎಂಬ ಉಪಕರಣವಿದೆ. ಇನ್‌ಸ್ಟಾಲ್ ಪೆನ್‌ಡ್ರೈವ್‌ನ ‘ಸೋರ್ಸಸ್’ ಫೋಲ್ಡರ್‌ನಲ್ಲಿ ‘ಬೂಟ್’, ‘ಇನ್‌ಸ್ಟಾಲ್’ ಎಂಬ ಹೆಸರಿನ ಎರಡು ಡಬ್ಲ್ಯುಐಎಂ ಫೈಲ್‌ಗಳಿರುತ್ತವೆ. ಮೊದಲನೆಯದು ರ‍್ಯಾಮ್‌ನಲ್ಲಿ ಓಡುವ ಇನ್‌ಸ್ಟಾಲರ್, ಎರಡನೆಯದು ಡಿಸ್ಕ್‌ಗೆ ಹೋಗಿ ಕೂರುವ ವಿಂಡೋಸ್. ಹಲವರು ಡ್ರೈವರ್ ಅನ್ನು ಒಂದಕ್ಕೆ ಮಾತ್ರ ಸೇರಿಸಿ ಸುಮ್ಮನಾಗುತ್ತಾರೆ. ‘ಬೂಟ್’ನಲ್ಲಿ ಇಲ್ಲದಿದ್ದರೆ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣದು. ‘ಇನ್‌ಸ್ಟಾಲ್’ನಲ್ಲಿ ಇಲ್ಲದಿದ್ದರೆ ಯುಎಸ್‌ಬಿ 3.0ರಂಥ ಡ್ರೈವರ್‌ಗಳು ವಿಂಡೋಸ್ ಹಾಕಿದ ಮೇಲೆ ಕೈಕೊಡುತ್ತವೆ. ‘ಬೂಟ್’ ಫೈಲ್‌ನೊಳಗೇ ಎರಡು ಪ್ರತಿಗಳಿದ್ದು, ಸೆಟಪ್ ಓಡುವುದು ಎರಡನೆಯದರಿಂದ ಎಂಬುದೂ ನೆನಪಿರಲಿ.

ಹಾಕಿಯಾಯಿತು, ಆದರೆ ನೀಲಿ ಪರದೆ

ಎಲ್ಲ ಮುಗಿದು ಮೊದಲ ಬಾರಿ ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು, ದೋಷಸಂಖ್ಯೆ 7ಬಿ ಎಂದು ಕೊನೆಗೊಂಡರೆ, ಅದರ ಅರ್ಥ ‘ಬೂಟ್ ಮಾಡಬೇಕಾದ ಡಿಸ್ಕ್ ನನಗೆ ಸಿಗುತ್ತಿಲ್ಲ’. ಕರ್ನಲ್ ಬಂತು, ಫರ್ಮ್‌ವೇರ್ ಬದಿಗೆ ಸರಿಯಿತು, ಆದರೆ ಸರಿಯಾದ ಡ್ರೈವರ್ ಜೊತೆಗೆ ಬರಲಿಲ್ಲ.

ಡ್ರೈವರ್ ಇದ್ದೂ ಹೀಗಾಗಬಹುದು. ಐಡಿಇ ಮೋಡ್‌ನಲ್ಲಿ ವಿಂಡೋಸ್ 7 ಹಾಕಿ, ಆಮೇಲೆ ಬಯೋಸ್‌ನಲ್ಲಿ ಎಎಚ್‌ಸಿಐಗೆ ಬದಲಿಸಿದರೆ ಇದೇ ಪರದೆ ಬರುತ್ತದೆ. ಎಎಚ್‌ಸಿಐ ಡ್ರೈವರ್ ಡಿಸ್ಕ್‌ನಲ್ಲಿ ಇದ್ದರೂ, ಬಳಕೆಯಲ್ಲಿ ಇರಲಿಲ್ಲವಾದ್ದರಿಂದ ಬೂಟ್ ಹೊತ್ತಿಗೆ ಲೋಡ್ ಆಗಬೇಕಾದವುಗಳ ಪಟ್ಟಿಯಲ್ಲಿ ಇರುವುದಿಲ್ಲ. ಮತ್ತೆ ಐಡಿಇಗೆ ಮರಳಿ ವಿಂಡೋಸ್ ತೆರೆದು, ರಿಜಿಸ್ಟ್ರಿಯ ಸರ್ವೀಸಸ್ ಭಾಗದಲ್ಲಿ ಎಂಎಸ್‌ಎಎಚ್‌ಸಿಐ ಎಂಬುದರ ‘ಸ್ಟಾರ್ಟ್’ ಮೌಲ್ಯವನ್ನು 0 ಮಾಡಬೇಕು. ಸೊನ್ನೆ ಎಂದರೆ ಬೂಟ್‌ಲೋಡರ್ ಹಂತದಲ್ಲೇ ತುಂಬಿಕೊಳ್ಳುವ ಡ್ರೈವರ್. ಆಮೇಲೆ ಬಯೋಸ್‌ನಲ್ಲಿ ಎಎಚ್‌ಸಿಐಗೆ ಬದಲಿಸಿದರೆ ವಿಂಡೋಸ್ ಏಳುತ್ತದೆ.

ಡ್ರೈವರ್ ಸಿಕ್ಕರೂ ಉಳಿಯುವ ಮಿತಿಗಳು

ಕೆಲವು ಅಡ್ಡಿಗಳಿಗೂ ಡ್ರೈವರ್‌ಗೂ ಸಂಬಂಧವಿಲ್ಲ, ಆದರೆ ಅದೇ ಹೊತ್ತಿನಲ್ಲಿ ಎದುರಾಗುವುದರಿಂದ ಗೊಂದಲವಾಗುತ್ತದೆ. 2002ರ ಸರ್ವೀಸ್ ಪ್ಯಾಕ್ 1ಕ್ಕಿಂತ ಹಿಂದಿನ ಎಕ್ಸ್‌ಪಿ ಸಿಡಿಗೆ 137 ಜಿಬಿಗಿಂತ ದೊಡ್ಡ ಡಿಸ್ಕ್ ಪೂರ್ತಿ ಕಾಣುವುದಿಲ್ಲ. 32 ಬಿಟ್ ಎಕ್ಸ್‌ಪಿಗೆ ಜಿಪಿಟಿ ಎಂಬ ಹೊಸ ವಿಧಾನದ ಪಾರ್ಟಿಷನ್ (ಡಿಸ್ಕ್‌ನ ವಿಭಜನೆ) ಅರ್ಥವಾಗುವುದಿಲ್ಲ, ಹಳೆಯ ಎಂಬಿಆರ್ ವಿಧಾನದಲ್ಲಿ ಸುಮಾರು 2 ಟಿಬಿಯ ಆಚೆಗೆ ಹೋಗಲಾಗುವುದಿಲ್ಲ. ಎಸ್‌ಎಸ್‌ಡಿಗೆ ಎಕ್ಸ್‌ಪಿ ಹಾಕುವವರು ಪಾರ್ಟಿಷನ್ ಅನ್ನು ಹೊಸ ವಿಂಡೋಸ್‌ನಲ್ಲಿ ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. ಎಕ್ಸ್‌ಪಿ ತಾನೇ ಮಾಡಿದರೆ 63ನೇ ಸೆಕ್ಟರ್‌ನಿಂದ ಶುರು ಮಾಡುತ್ತದೆ, ಈಗಿನ ಡಿಸ್ಕ್‌ಗಳ 4 ಕೆಬಿ ವಿಭಾಗಕ್ಕೆ ಅದು ಹೊಂದದೆ ವೇಗ ಕುಗ್ಗುತ್ತದೆ.

ದೊಡ್ಡ ಅಡ್ಡಿ ಯುಇಎಫ್‌ಐಯದ್ದು. ವಿಂಡೋಸ್ 7ಕ್ಕೆ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಬೂಟ್ ಪ್ರೋಗ್ರಾಂಗಳನ್ನು ಮಾತ್ರ ಬಿಡುವ ವ್ಯವಸ್ಥೆ) ಆಫ್ ಆಗಿರಬೇಕು. ಅಷ್ಟೇ ಅಲ್ಲ, ಪರದೆ ಮೂಡಿಸಲು ಅದು ಹಳೆಯ ಬಯೋಸ್‌ನ ವಿಡಿಯೋ ಸೇವೆಯನ್ನು ನೆಚ್ಚಿಕೊಂಡಿದೆ. ಆ ಸೇವೆ ಒದಗಿಸುವ ಸಿಎಸ್‌ಎಂ ಎಂಬ ಆಯ್ಕೆಯನ್ನು ಹೊಸ ಕಂಪ್ಯೂಟರ್‌ಗಳಿಂದ ತೆಗೆದುಹಾಕಲಾಗುತ್ತಿದೆ. ಸಿಎಸ್‌ಎಂ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಸ್ಟೋರೇಜ್ ಡ್ರೈವರ್ ಎಷ್ಟೇ ಸರಿಯಿದ್ದರೂ ವಿಂಡೋಸ್ 7 ‘ಸ್ಟಾರ್ಟಿಂಗ್ ವಿಂಡೋಸ್’ ಎಂಬಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಡ್ರೈವರ್ ಹುಡುಕಲು ಹೊರಡುವ ಮುಂಚೆ ಬಯೋಸ್‌ನಲ್ಲಿ ಸಿಎಸ್‌ಎಂ ಇದೆಯೇ ಎಂದು ನೋಡಿ.

ವರ್ಚುವಲ್ ಮಷಿನ್

ಹಳೆಯ ಸಾಫ್ಟ್‌ವೇರ್ ಒಂದನ್ನು ಓಡಿಸುವುದಷ್ಟೇ ಉದ್ದೇಶವಾಗಿದ್ದರೆ, ನಿಜವಾದ ಡಿಸ್ಕ್‌ಗೆ ಹಳೆಯ ವಿಂಡೋಸ್ ಹಾಕಲೇಬೇಕೆಂದಿಲ್ಲ. ವರ್ಚುವಲ್‌ಬಾಕ್ಸ್‌ನಂಥ ಸಾಫ್ಟ್‌ವೇರ್ ಹೊಸ ಕಂಪ್ಯೂಟರ್‌ನ ಒಳಗೇ ಒಂದು ಹಳೆಯ ಕಂಪ್ಯೂಟರ್ ಅನ್ನು ನಟಿಸಿ ತೋರಿಸುತ್ತದೆ. ಎಕ್ಸ್‌ಪಿಗೆಂದು ವರ್ಚುವಲ್ ಮಷಿನ್ ಮಾಡಿದರೆ ಅದಕ್ಕೆ ಐಡಿಇ ಕಂಟ್ರೋಲರ್ ಅನ್ನೇ ಕೊಡುತ್ತದೆ, ಮೂಲ ಸಿಡಿ ಯಾವ ತಕರಾರೂ ಇಲ್ಲದೆ ಡಿಸ್ಕ್ ಹಿಡಿದುಕೊಳ್ಳುತ್ತದೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಿಂದ, ವಿಂಡೋಸ್ 7ಕ್ಕೆ 2020ರ ಜನವರಿ 14ರಿಂದ ಸಾಮಾನ್ಯ ಬೆಂಬಲವಿಲ್ಲವಾದ್ದರಿಂದ, ಇಂಟರ್ನೆಟ್‌ನಿಂದ ಅವುಗಳನ್ನು ದೂರವಿಡುವುದೂ ಇಲ್ಲಿ ಸುಲಭ: ವರ್ಚುವಲ್ ನೆಟ್‌ವರ್ಕ್ ಕಾರ್ಡ್ ತೆಗೆದರಾಯಿತು. ಉಪಕರಣಕ್ಕೆ ವಿಶೇಷ ಪಿಸಿಐ ಕಾರ್ಡ್ ಬೇಕಿದ್ದಾಗ ಮಾತ್ರ ಈ ದಾರಿ ಕಷ್ಟ.

ಲಿನಕ್ಸ್‌ನದೇ ವರ್ಚುವಲ್ ಮಷಿನ್ ವ್ಯವಸ್ಥೆಯಾದ ಕೆವಿಎಂ ಬಳಸುವವರಿಗೆ ಒಂದು ಮಾತು. ಅಲ್ಲಿ ವೇಗಕ್ಕಾಗಿ ವರ್ಟ್‌ಐಓ ಎಂಬ ಬಗೆಯ ಡಿಸ್ಕ್ ಆರಿಸಿದರೆ, ಹೊಸ ವಿಂಡೋಸ್‌ನ ಇನ್‌ಸ್ಟಾಲರ್‌ಗೂ ಡ್ರೈವ್‌ಗಳ ಪಟ್ಟಿ ಖಾಲಿಯಾಗಿಯೇ ಕಾಣುತ್ತದೆ. ವರ್ಟ್‌ಐಓ ಡ್ರೈವರ್‌ಗಳ ಐಎಸ್‌ಓ ಫೈಲ್ ಅನ್ನು ಎರಡನೇ ಸಿಡಿಯಾಗಿ ಜೋಡಿಸಿ, ‘ಲೋಡ್ ಡ್ರೈವರ್’ ಒತ್ತಿ, ವಿಐಓಸ್ಟಾರ್ ಫೋಲ್ಡರ್‌ನಲ್ಲಿ ನಿಮ್ಮ ವಿಂಡೋಸ್ ಆವೃತ್ತಿಯನ್ನು ಆರಿಸಿದರೆ ಡಿಸ್ಕ್ ಪಟ್ಟಿಗೆ ಬರುತ್ತದೆ.